ಹೆಗಲಿನ ಕೀಲು ಮತ್ತೆ ಮತ್ತೆ ತಪ್ಪಿದರೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹಂಡೆ ಎತ್ತುವವನಿಗೂ ಮಗ್ಗ ನಡೆಸುವವನಿಗೂ ತೋಳೇ ಬಂಡವಾಳ. ಆ ತೋಳು ಹೆಗಲಿನಿಂದ ಜಾರಿದರೆ ಜೊತೆಗಾರನೊಬ್ಬ ಎಳೆದು ಕೂಡಿಸುತ್ತಾನೆ. ಎಣ್ಣೆ ತಿಕ್ಕಿಕೊಂಡು ಮರುದಿನವೇ ಕೆಲಸಕ್ಕೆ ನಿಲ್ಲುತ್ತೇವೆ. ಎರಡನೆಯ ಸಲವೂ ಹಾಗೆಯೇ. ಇದು ಸರಿಯಲ್ಲವೆಂದು ಹೇಳಲು ನಿಂತಿದ್ದೇನೆ.

ಹೆಗಲಿನ ಕೀಲೆಂದರೆ ಬಸಿಯ ಮೇಲೆ ಮೂಸಂಬಿ ಇಟ್ಟಂತೆ. ತೋಳೆಲುಬಿನ ಗುಂಡು ದೊಡ್ಡದು, ಅದು ಕೂರುವ ಬಟ್ಟಲು ಆಳವಿಲ್ಲದ್ದು. ಆದುದರಿಂದಲೇ ಕೈ ಎಲ್ಲ ಕಡೆಗೂ ತಿರುಗುತ್ತದೆ. ಆದುದರಿಂದಲೇ ಜಾರುವುದೂ ಸುಲಭ. ಗುಂಡು ಮುಂದಕ್ಕೆ ಜಾರಿದಾಗ ಬಟ್ಟಲಿನ ಮೆತ್ತನೆಯ ಅಂಚು ಕಿತ್ತುಬರುತ್ತದೆ. ಲಂಡನ್ನಿನ ಬ್ಯಾಂಕಾರ್ಟ್ ಎಂಬ ವೈದ್ಯರು ಇದನ್ನು 1923ರಲ್ಲೇ ವಿವರಿಸಿದರು. ಮತ್ತೆ ಮತ್ತೆ ಜಾರಿದರೆ ಬಟ್ಟಲಿನ ಮುಂದಿನ ಎಲುಬೇ ಸವೆಯುತ್ತದೆ. ಗುಂಡಿನ ಹಿಂಬದಿಯಲ್ಲಿ ತಗ್ಗು ಬೀಳುತ್ತದೆ. ಅಂಚು ಒಡೆದ ಬಸಿಯ ಮೇಲೆ ಹಣ್ಣು ನಿಂತೀತೇ? ಕೆಲವರಿಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ತೋಳು ಜಾರುತ್ತದೆ.

ಈಗ ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳಿಂದ ದುರ್ಬೀನು ತೂರಿಸಿ, ಒಳಗೆ ನೋಡುತ್ತಲೇ ಕಿತ್ತ ಅಂಚನ್ನು ಹೊಲಿಯುತ್ತಾರೆ. ಇದಕ್ಕೆ ಆರ್ಥ್ರೋಸ್ಕೋಪಿ ಎಂದು ಹೆಸರು. ಆದರೆ ಬರಿಯ ಹೊಲಿಗೆ ಎಲ್ಲರಿಗೂ ಸಾಲದು. ಬರ್ಕ್‌ಹಾರ್ಟ್ ಮತ್ತು ಡಿ ಬಿಯರ್ ಎಂಬ ವೈದ್ಯರು 2000ರಲ್ಲಿ ಇಂಥ 194 ಚಿಕಿತ್ಸೆಗಳ ಲೆಕ್ಕ ಕೊಟ್ಟರು. ಎಲುಬು ಹೆಚ್ಚು ಕೆಟ್ಟಿದ್ದ 21 ಜನರಲ್ಲಿ 14 ಮಂದಿಗೆ ತೊಂದರೆ ಮರುಕಳಿಸಿತು. ಉಳಿದ 173 ಜನರಲ್ಲಿ 7 ಮಂದಿಗೆ ಮಾತ್ರ.

ಬಟ್ಟಲು ಹೆಚ್ಚು ಸವೆದವರಿಗೆ ಹೆಗಲಿನದೇ ಎಲುಬಿನ ತುಣುಕನ್ನು ಬಟ್ಟಲಿನ ಅಂಚಿಗೆ ತಿರುಪುಮೊಳೆಯಿಂದ ಬಿಗಿಯುತ್ತಾರೆ. ಇದು ಫ್ರಾನ್ಸಿನ ಲಾಟಾರ್ಜೆ 1954ರಲ್ಲಿ ತೋರಿಸಿದ ದಾರಿ. ಈಗ ಕೆಲವರು ಇದನ್ನೂ ದುರ್ಬೀನಿನಿಂದಲೇ ಮಾಡುತ್ತಾರೆ. ಗುಂಡಿನ ತಗ್ಗಿಗೆ ಹಿಂಬದಿಯ ಸ್ನಾಯುವಿನ ತುದಿಯನ್ನು ಹೊಲಿದು ತುಂಬುವುದೂ ಉಂಟು.

ಆದುದರಿಂದ ಬಂಧುಗಳೇ, ಮೂರು ಮಾತು. ಜಾರಿದ ತೋಳನ್ನು ನೀವೇ ಎಳೆಯಬೇಡಿ. ನರ ಕೆಟ್ಟೀತು, ಎಲುಬು ಮುರಿದೀತು. ಎರಡನೆಯ ಸಲ ಜಾರಿತೆಂದರೆ ಎಲುಬಿನ ವೈದ್ಯರ ಬಳಿಗೆ ಹೋಗಿ, ಎಲುಬು ಎಷ್ಟು ಸವೆದಿದೆ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿರಿ. ಕೆಲಸದ ವೇಳೆಯಲ್ಲಿ ಪೆಟ್ಟಾದರೆ ಅಂದೇ ಅಪಘಾತದ ಪುಸ್ತಕದಲ್ಲಿ ಬರೆಯಿಸಿರಿ; ಇ.ಎಸ್.ಐ. ಇದ್ದವರು ಅದನ್ನು ಬಿಡಬೇಡಿ.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಕೈ ಜೋಳಿಗೆಯಲ್ಲಿರಬೇಕು. ಭಾರ ಎತ್ತಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅವನ ಜಾಗಕ್ಕೆ ಬೇರೊಬ್ಬನನ್ನು ಕಾಯಂ ಮಾಡಿಬಿಟ್ಟರೆ, ವಾಸಿಯಾದ ತೋಳಿನಿಂದ ಏನು ಪ್ರಯೋಜನ? ಆ ಜಾಗ ಉಳಿಸುವುದು ಒಬ್ಬನ ಕೈಲಾಗದು. ಸಂಘ ಇರುವುದು ಅದಕ್ಕೇ.