ಸುಲಿದ ಅಡಿಕೆ ಕಪ್ಪಾಗೋದು ಯಾಕೆ?

ಕೇಳೋಕೆ ಶುರು ಮಾಡೋ ಮುಂಚೆ ಒಂದು ಬದನೆಕಾಯಿ ಹೆಚ್ಚಿ ಪಕ್ಕಕ್ಕಿಡಿ. ನನ್ನ ಮಾತು ಮುಗಿಯೋ ಹೊತ್ತಿಗೆ ಅದರ ಬಣ್ಣ ತಿರುಗೋಕೆ ಶುರುವಾಗಿರುತ್ತೆ. ಅದು ಯಾಕೆ ಅನ್ನೋದೇ ಇವತ್ತಿನ ವಿಷಯ.

ನಮ್ಮದು ತರೀಕೆರೆ ಕಡೆ ಅಡಿಕೆ ತೋಟ. ಕೊಯ್ಲಿನ ಕಾಲಕ್ಕೆ ನಮ್ಮ ಅಂಗಳದಲ್ಲಿ ಒಂದೇ ಕಾನೂನು: ಇವತ್ತು ಸುಲಿದದ್ದು ಇವತ್ತೇ ಬೇಯಬೇಕು. ನಾನು ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಜೋರು ಮಳೆ. ಸೌದೆಯೆಲ್ಲ ಒದ್ದೆ, ಒಲೆ ಹತ್ತಲೇ ಇಲ್ಲ. "ಬೆಳಿಗ್ಗೆ ಬೇಯಿಸಿದ್ರಾಯ್ತು ಬಿಡಪ್ಪ" ಅಂದೆ. ಅಪ್ಪ ಒಲ್ಲದ ಮನಸ್ಸಿಂದ ಒಪ್ಪಿದರು. ಬೆಳಿಗ್ಗೆ ನೋಡಿದರೆ ಕತ್ತಿ ತಾಗಿದ ಕಡೆಯೆಲ್ಲ ಕಪ್ಪು ಕಲೆ. ಆ ಮಾಲಿಗೆ ದರ ಇಳಿಯಿತು. ಅಪ್ಪ ಬೈಯಲಿಲ್ಲ. ಆದರೆ ಆ ಸಲ ನನ್ನ ಫೀಸು ಕಟ್ಟೋದು ಎರಡು ತಿಂಗಳು ತಡವಾಯ್ತು.

ಆ ರಾತ್ರಿ ಬುಟ್ಟಿಯಲ್ಲಿ ಏನಾಯ್ತು ಅಂತ ಅರ್ಥ ಆಗಿದ್ದು ಎಂಎಸ್ಸಿಗೆ ಬಂದ ಮೇಲೆ.

ಎಳೆ ಅಡಿಕೆ ಬಾಯಿಗೆ ಒಗರು ಅಲ್ವಾ? ಅದು ಟ್ಯಾನಿನ್‌ನ ಕೆಲಸ. ಅಡಿಕೆಯ ಟ್ಯಾನಿನ್ ಅಣುಗಳಲ್ಲಿ ಕ್ಯಾಟೆಕಾಲ್ ಅನ್ನೋ ತುಣುಕು ಇರುತ್ತೆ: ಆರು ಕಾರ್ಬನ್‌ಗಳ ಒಂದು ಉಂಗುರ, ಅದರ ಮೇಲೆ ಅಕ್ಕಪಕ್ಕ ಎರಡು ಓಎಚ್ ಗುಂಪು. ಹೆಸರು ಕೂಡ ನಮಗೆ ಪರಕೀಯ ಅಲ್ಲ. ಎಲೆ ಅಡಿಕೆ ಜೊತೆ ಹಾಕೋ ಕಾಚಿಗೆ ಇಂಗ್ಲಿಷಿನಲ್ಲಿ ಕ್ಯಾಟೆಚು ಅಂತಾರೆ. 1839ರಲ್ಲಿ ರೈನ್ಷ್ ಅನ್ನೋ ವಿಜ್ಞಾನಿ ಕಾಚಿನ ಸತ್ವವನ್ನು ಭಟ್ಟಿ ಇಳಿಸಿ ಈ ವಸ್ತುವನ್ನು ಮೊದಲು ಬೇರ್ಪಡಿಸಿದರು.

ಜೀವಕೋಶದೊಳಗೆ ಈ ವಸ್ತು ಒಂದು ಕೋಣೆಯಲ್ಲಿ, ಅದನ್ನು ಬದಲಾಯಿಸೋ ಎಂಜೈಮ್ ಇನ್ನೊಂದು ಕೋಣೆಯಲ್ಲಿ ಇರುತ್ತೆ. ಕತ್ತಿ ಬಿದ್ದ ಕೂಡಲೇ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಗಾಳಿಯೂ ಸೇರುತ್ತೆ. ಎಂಜೈಮ್ ಕ್ಯಾಟೆಕಾಲ್‌ನಿಂದ ಎರಡು ಹೈಡ್ರೋಜನ್ ಕಿತ್ತು ಆಮ್ಲಜನಕಕ್ಕೆ ಕೊಡುತ್ತೆ. ಆಮ್ಲಜನಕ ನೀರಾಗುತ್ತೆ, ಕ್ಯಾಟೆಕಾಲ್ ಕ್ವಿನೋನ್ ಆಗುತ್ತೆ. ಕ್ವಿನೋನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಂದು, ಕಪ್ಪು ಬಣ್ಣ ಬರುತ್ತೆ.

ಈ ಎಂಜೈಮ್‌ನ ಹೃದಯದಲ್ಲಿರೋದು ಎರಡು ತಾಮ್ರದ ಅಯಾನುಗಳು. ಒಂದೊಂದನ್ನೂ ಮೂರು ಹಿಸ್ಟಿಡಿನ್‌ಗಳು ಹಿಡಿದುಕೊಂಡಿರುತ್ತವೆ. ಸಿಹಿಗೆಣಸಿನ ಕ್ಯಾಟೆಕಾಲ್ ಆಕ್ಸಿಡೇಸ್‌ನ ಪೂರ್ತಿ ರಚನೆ 1998ರಲ್ಲಿ ಪ್ರಕಟವಾದಾಗ ಇದು ಕಣ್ಣಿಗೆ ಕಾಣೋ ಹಾಗಾಯ್ತು. ಬೇಯಿಸಿದರೆ ಎಂಜೈಮ್‌ನ ಮಡಿಕೆ ಬಿಚ್ಚಿಹೋಗಿ ಕೆಲಸ ನಿಲ್ಲುತ್ತೆ. ಕೆಂಪಡಿಕೆಗೆ ಬೇಕಾದ ಬಣ್ಣ ಆಮೇಲೆ ಚೊಗರಿನಿಂದ ಬರುತ್ತೆ. ಅಂದ್ರೆ ಬಣ್ಣ ತಿರುಗೋದೇ ತಪ್ಪಲ್ಲ. ನಮಗೆ ಬೇಡದ ಹೊತ್ತಲ್ಲಿ ತಿರುಗೋದು ತಪ್ಪು.

ಇದು ತರೀಕೆರೆಯ ಕಥೆ ಮಾತ್ರ ಅಲ್ಲ. ಕಡೂರಿನ ತೆಂಗಿನ ತೋಟಕ್ಕೆ ಹೋಗಿ. ಕೊಚ್ಚಿ ತೆಗೆದ ಎಳನೀರು ಹೊತ್ತಾದರೆ ಕೆಲವೊಮ್ಮೆ ಗುಲಾಬಿ ಬಣ್ಣಕ್ಕೆ ತಿರುಗುತ್ತಲ್ಲ, ಅಲ್ಲೂ ಇದೇ ಬಗೆಯ ಎಂಜೈಮ್‌ಗಳ ಕೈವಾಡ ಇದೆ. ಬೀರೂರು ಜಂಕ್ಷನ್‌ನಲ್ಲಿ ಹುಬ್ಬಳ್ಳಿ ಕಡೆ ರೈಲು ಹಿಡಿದರೆ ಸಿಗೋ ಅಜ್ಜಂಪುರದಲ್ಲಿ ಈರುಳ್ಳಿ ಬೆಳೆ. ಬಣ್ಣದ ಈರುಳ್ಳಿಯ ಒಣ ಸಿಪ್ಪೆಯಲ್ಲಿ ಕ್ಯಾಟೆಕಾಲ್ ಇದೆ ಅಂತ ಅಮೆರಿಕದ ಲಿಂಕ್ ಮತ್ತು ವಾಕರ್ 1933ರಲ್ಲಿ ತೋರಿಸಿದರು. ಕಪ್ಪು ಮಸಿಯಂಥ ಒಂದು ಶಿಲೀಂಧ್ರ ರೋಗವನ್ನು ಅದು ತಡೆಯುತ್ತೆ. ಬಿಳಿ ಈರುಳ್ಳಿಗೆ ಆ ರಕ್ಷಣೆ ಇಲ್ಲ. ಗಿಡಕ್ಕೆ ಇದು ಗಾಯಕ್ಕೆ ಹಚ್ಚಿದ ಮದ್ದು. ನಮಗೆ ಮಾತ್ರ ದರ ಇಳಿಸೋ ಕಲೆ.

ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನಾನು ಎರಡು ತಾಮ್ರ ಇರೋ ಒಂದು ಪುಟ್ಟ ಸಂಕೀರ್ಣ ತಯಾರಿಸಿದೆ. ಅಷ್ಟು ದೊಡ್ಡ ಎಂಜೈಮ್ ಮಾಡೋ ಕೆಲಸವನ್ನು ಚಿಕ್ಕ ಅಣು ಮಾಡುತ್ತಾ ಅಂತ ನೋಡೋಕೆ. ಮೆಥನಾಲ್‌ನಲ್ಲಿ ಕ್ಯಾಟೆಕಾಲ್‌ನ ಒಂದು ಬಂಧುವನ್ನು ಕರಗಿಸಿ, ಚಿಟಿಕೆ ಸಂಕೀರ್ಣ ಹಾಕಿ, ಯಂತ್ರದಲ್ಲಿ 400 ನ್ಯಾನೋಮೀಟರ್ ಹತ್ತಿರ ಗೆರೆ ಏರೋದನ್ನು ಕಾಯಬೇಕು. ಏರಿದರೆ ಕ್ವಿನೋನ್ ಹುಟ್ಟುತ್ತಿದೆ ಅಂತ. ಮ್ಯಾಂಗನೀಸ್, ಕೋಬಾಲ್ಟ್‌ನ ಸಂಕೀರ್ಣಗಳನ್ನೂ ಹೀಗೇ ಪರೀಕ್ಷೆ ಮಾಡ್ತಾರೆ. ಕಟುವಾದ ರಾಸಾಯನಿಕ ಬಿಟ್ಟು, ಬರೀ ಗಾಳಿಯ ಆಮ್ಲಜನಕದಿಂದ ಉತ್ಕರ್ಷಣ ಮಾಡಿಸೋದು ಇದರ ಹಿಂದಿನ ಆಸೆ. ಎಂಜೈಮ್‌ನಷ್ಟು ಅಚ್ಚುಕಟ್ಟು ಇನ್ನೂ ಸುಲಭವಲ್ಲ: ಅದು ನೀರು ಮಾಡೋ ಕಡೆ ನಮ್ಮ ಎಷ್ಟೋ ಸಂಕೀರ್ಣಗಳು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತವೆ.

ಗೆರೆ ಏರಿದ ದಿನ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಒಲೆ ಹತ್ತೋ ಖಾತ್ರಿ ಇಲ್ದಿದ್ರೆ ಸುಲೀಬಾರ್ದು, ಅಷ್ಟೇ ತಾನೇ?" ಅಂದರು.

ಅಷ್ಟೇ. ಸಿಪ್ಪೆ ಇರೋ ತನಕ ಒಳಗಿನ ಗೋಡೆ ಗಟ್ಟಿ.

ಈಗ ನಿಮ್ಮ ಬದನೆಕಾಯಿ ನೋಡಿ. ಮುಂದಿನ ಸಲ ಹೆಚ್ಚಿದ ಕೂಡಲೇ ಅಮ್ಮನ ಹಾಗೆ ನೀರಿಗೆ ಹಾಕಿ. ಗಾಳಿ ತಾಗೋದು ಕಡಿಮೆಯಾದರೆ ಕಪ್ಪಾಗೋದೂ ನಿಧಾನ. ಮತ್ತೆ ಸಿಗೋಣ.