ಎಪ್ಪತ್ತು ಕಿಲೊದ ಜೋಡಿ



ಮಲಪ್ರಭೆಯ ದಂಡೆಯ ಊರು ನಿಮ್ಮ ಮನೋಳಿ, ನವಿಲುತೀರ್ಥದ ಆಣೆಕಟ್ಟೂ ಹತ್ತಿರದಲ್ಲೇ ಇದೆ. ನೀರಿನ ಮೇಲೆ ಬಾಳು ಕಟ್ಟಿಕೊಂಡವರೊಬ್ಬರ ಕಥೆಯನ್ನು ಇಲ್ಲಿ ಹೇಳಬೇಕೆಂಬುದು ನನ್ನ ಆಸೆಯಾಗಿತ್ತು. ಅವರ ಹೆಸರು ಅರವಿಂದ್ ಸಿಂಗ್. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ರೈತಾಪಿ ಮನೆತನದವರು. ಸೇನೆಗೆ ಸೇರಿದ ಮೇಲೆಯೇ ಹುಟ್ಟು ಹಿಡಿದವರು. ಪುಣೆಯ ಸೇನಾ ಕೇಂದ್ರದಲ್ಲಿ ಪಳಗಿದರು. ಜೊತೆಗಾರರಾಗಿದ್ದವರು ರಾಜಸ್ಥಾನದ ಅರ್ಜುನ್ ಲಾಲ್ ಜಾಟ್, ತರಬೇತುದಾರರಾಗಿದ್ದವರು ಇಸ್ಮಾಯಿಲ್ ಬೇಗ್.

ಈ ಜೋಡಿಯ ಸ್ಪರ್ಧೆ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಆಟದ ಲೈಟ್‌ವೇಟ್ ಡಬಲ್ ಸ್ಕಲ್ಸ್. ಇಬ್ಬರು, ನಾಲ್ಕು ಹುಟ್ಟು, 2000 ಮೀಟರ್ ನೀರು. ಗುರಿಗೆ ಬೆನ್ನು ಹಾಕಿ ಕೂರಬೇಕು. ಆಸನ ಹಿಂದೆ ಮುಂದೆ ಜಾರುವುದರಿಂದ ಹೆಚ್ಚಿನ ಬಲ ಬರುವುದು ಕಾಲಿನಿಂದ. ಅರವಿಂದ್ ಲಯ ಹಾಕುತ್ತಿದ್ದರು. ಹಿಂದೆ ಕೂತ ಅರ್ಜುನ್, ಅರವಿಂದರ ಬೆನ್ನನ್ನೇ ನೋಡುತ್ತ ಆ ಲಯ ಹಿಡಿಯುತ್ತಿದ್ದರು. ಪುರುಷರಲ್ಲಿ ಯಾರೂ 72.5 ಕಿಲೊ ಮೀರುವಂತಿಲ್ಲ, ಇಬ್ಬರ ಸರಾಸರಿ 70 ದಾಟುವಂತಿಲ್ಲ. ತೂಕ ನೋಡುವುದು ಸ್ಪರ್ಧೆಗೆ ಒಂದೆರಡು ತಾಸು ಮೊದಲು. ಹಸಿವನ್ನೂ ಬಾಯಾರಿಕೆಯನ್ನೂ ಹಿಡಿತದಲ್ಲಿಟ್ಟುಕೊಂಡವರು ಆಮೇಲೆ ಮೈಯೆಲ್ಲ ಹಿಂಡಿ ಆರೂವರೆ ನಿಮಿಷ ಹುಟ್ಟು ಹಾಕಬೇಕು. ಇಷ್ಟು ಕಠಿಣ ವ್ರತ ಬೇರೆ ಆಟಗಳಲ್ಲಿ ಕಡಿಮೆ.

2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತು ಕೈಕೊಟ್ಟಿತು. ಮರು ಅವಕಾಶದ ಸುತ್ತಿನಲ್ಲಿ ಮೂರನೆಯವರಾಗಿ ಸೆಮಿಫೈನಲ್ ಮುಟ್ಟಿದರು. ಜುಲೈ 29ರಂದು, ಪದಕದ ಫೈನಲ್ ತಪ್ಪಿದವರಿಗಾಗಿ ನಡೆಯುವ ‘ಬಿ’ ಫೈನಲ್‌ನಲ್ಲಿ 6 ನಿಮಿಷ 29.66 ಸೆಕೆಂಡಿಗೆ ಐದನೆಯವರು, ಒಟ್ಟಾರೆ 11ನೆಯವರು. ಭಾರತದ ರೋಯಿಂಗ್‌ಗೆ ಅದುವರೆಗೆ ಒಲಿಂಪಿಕ್ಸ್‌ನಲ್ಲಿ ಅಂಥ ಸ್ಥಾನ ದಕ್ಕಿರಲಿಲ್ಲ. ಪದಕವಿಲ್ಲವೆಂದು ನಾವು ಅದನ್ನು ಬೇಗ ಮರೆತೆವು, ಅದು ನನಗೆ ನೋವಿನ ಸಂಗತಿ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಜೋಡಿ ಬೆಳ್ಳಿ ಗೆದ್ದಿತು.

ಟೋಕಿಯೊದಲ್ಲಿ ಇದೇ ಸ್ಪರ್ಧೆಯ ಚಿನ್ನ ಗೆದ್ದ ಐರ್ಲೆಂಡಿನ ಪಾಲ್ ಓ'ಡೊನೊವನ್ ಮತ್ತು ಫಿಂಟನ್ ಮೆಕಾರ್ಥಿ ಸ್ಕಿಬರೀನ್ ಎಂಬ ಸಣ್ಣ ಪೇಟೆಯ ಕ್ಲಬ್ಬಿನವರು. ಮನೋಳಿಯಂತೆ ಹೊಳೆ ದಂಡೆಯ ಊರು ಅದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಅವರೇ ಗೆದ್ದರು.

ತೂಕದ ಮಿತಿ ಇಲ್ಲದಿದ್ದರೆ ರೋಯಿಂಗ್ ಎತ್ತರ, ತೂಕ ಎರಡೂ ಹೆಚ್ಚಿದ್ದವರೇ ಹೆಚ್ಚಾಗಿ ಗೆಲ್ಲುವ ಆಟ. ಸಣಕಲು ಮೈಕಟ್ಟಿನ ಜನರ ದೇಶಗಳಿಗೂ ಜಾಗ ಸಿಗಲೆಂದು 1996ರಲ್ಲಿ ಅಟ್ಲಾಂಟಾದಲ್ಲಿ ಲೈಟ್‌ವೇಟ್ ವಿಭಾಗ ಒಲಿಂಪಿಕ್ಸ್‌ಗೆ ಬಂತು. ಆದರೆ ಕುಸ್ತಿ, ಬಾಕ್ಸಿಂಗ್‌ನಂಥ ಕಾದಾಟದ ಆಟಗಳು ಮತ್ತು ಭಾರ ಎತ್ತುವ ಸ್ಪರ್ಧೆ ಬಿಟ್ಟರೆ ಉಳಿದೆಡೆ ತೂಕದ ವಿಭಾಗ ಬೇಡವೆಂಬುದು ಒಲಿಂಪಿಕ್ ಸಮಿತಿಯ ನಿಲುವು. ಹಾಗಾಗಿ 2024ರ ಪ್ಯಾರಿಸ್ ಲೈಟ್‌ವೇಟ್ ವಿಭಾಗದ ಕೊನೆಯ ಒಲಿಂಪಿಕ್ ಕೂಟವಾಯಿತು. ನಮ್ಮ ಹೊಲಗಳಲ್ಲಿ ಬೆಳೆದ ಹುಡುಗರ ಮೈಗೆ ಹೊಂದುತ್ತಿದ್ದ ಬಾಗಿಲನ್ನೇ ಮುಚ್ಚಿದರು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ.

2028ರ ಲಾಸ್ ಏಂಜಲೀಸ್‌ನಲ್ಲಿ ಆ ಜಾಗಕ್ಕೆ ಕಡಲ ದಂಡೆಯ ರೋಯಿಂಗ್ ಬರುತ್ತದೆ. ಮರಳ ಮೇಲೆ ಓಡಿ, ದೋಣಿ ಹತ್ತಿ, ಅಲೆ ಸೀಳಿ, ಮರಳಿ ಬಂದು ಮತ್ತೆ ಓಡಬೇಕು. ತೂಕದ ಮಿತಿ ಅಲ್ಲಿಯೂ ಇಲ್ಲ. ಆದರೆ ಅಲ್ಲಿ ಚುರುಕು ಕಾಲಿಗೆ, ಅಲೆಯ ಪರಿಚಯಕ್ಕೆ ಬೆಲೆಯಿದೆ. ಕಾರವಾರ, ಹೊನ್ನಾವರದ ಮಕ್ಕಳಿಗೆ ಈಗಲೇ ದೋಣಿಯನ್ನೂ ತರಬೇತುದಾರರನ್ನೂ ಒದಗಿಸಬೇಕೆಂದು ಈ ಸಭೆಯ ಮೂಲಕ ಕ್ರೀಡಾ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.