ಮೀಸಲು ನಿಧಿ, ವಿಶೇಷ ವಂತಿಗೆ ಮತ್ತು ಮುಂದೂಡಿದ ದುರಸ್ತಿ
(ಅಧ್ಯಕ್ಷ ಭಾಷಣ)



ಮನೆಗಳು ಬೇರೆ ಬೇರೆ ಒಡೆಯರಿಗೆ ಸೇರಿದ್ದು, ಚಾವಣಿ, ಕಂಬ, ಕೊಳಾಯಿ ಹಾಗೂ ವಾಹನ ನಿಲ್ದಾಣಗಳು ಎಲ್ಲರ ಜಂಟಿ ಸ್ವತ್ತಾಗಿರುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಕಾಂಡೋಮಿನಿಯಂ ಎನ್ನುತ್ತಾರೆ. ಈ ಜಂಟಿ ಸ್ವತ್ತನ್ನು ಮಾಲೀಕರ ಸಂಘವು ನೋಡಿಕೊಳ್ಳುತ್ತದೆ. ಸಂಘವು ತಿಂಗಳ ಶುಲ್ಕದ ಒಂದು ಭಾಗವನ್ನು ಮುಂದಿನ ದೊಡ್ಡ ದುರಸ್ತಿಗಳಿಗಾಗಿ ತೆಗೆದಿಟ್ಟರೆ ಅದು ಮೀಸಲು ನಿಧಿ. ಹಾಗೆ ತೆಗೆದಿಡದೆ, ಖರ್ಚು ಎದುರಾದಾಗ ಪ್ರತಿ ಮಾಲೀಕನಿಂದ ಒಮ್ಮೆಗೇ ವಸೂಲು ಮಾಡುವ ಹಣ ವಿಶೇಷ ವಂತಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾರ್ಪಸ್ ಫಂಡ್ ಎಂದು ಹೇಳುವುದು ಸಾಮಾನ್ಯವಾಗಿ ಮನೆ ಕೊಳ್ಳುವಾಗ ಒಮ್ಮೆ ಕಟ್ಟುವ ಇಡುಗಂಟಾದರೆ, ಮೀಸಲು ನಿಧಿಯನ್ನು ವರ್ಷ ವರ್ಷವೂ ಲೆಕ್ಕ ಹಾಕಿ ತುಂಬುತ್ತಲೇ ಇರಬೇಕಾಗುತ್ತದೆ.

ಇಪ್ಪತ್ತು ವರ್ಷ ಬಾಳುವ ಚಾವಣಿಯನ್ನು ಬದಲಿಸಲು ಹತ್ತು ಲಕ್ಷ ಡಾಲರ್ ಬೇಕೆಂದಾದರೆ, ಹತ್ತನೆಯ ವರ್ಷಕ್ಕೆ ಐದು ಲಕ್ಷ ಕೂಡಿರಬೇಕು. ಕೂಡಿರದಿದ್ದರೆ, ಹತ್ತು ವರ್ಷ ಆ ಚಾವಣಿಯಡಿ ಬಾಳಿ ಮನೆ ಮಾರಿ ಹೋದವರ ಪಾಲನ್ನೂ ಹೊಸದಾಗಿ ಕೊಂಡವರೇ ತೆರಬೇಕಾಗುತ್ತದೆ. ಶುಲ್ಕ ಕಡಿಮೆಯೆಂದು ಹೆಮ್ಮೆಪಡುವ ಸಂಘವು ಹಣ ಉಳಿಸಿರುವುದಿಲ್ಲ, ಸಾಲವನ್ನು ಬೇರೊಬ್ಬರ ಹೆಸರಿಗೆ ಬರೆದಿರುತ್ತದೆ ಎಂಬುದನ್ನು ಈ ಸಮ್ಮೇಳನ ಸ್ಪಷ್ಟವಾಗಿ ಹೇಳಬೇಕಾಗಿದೆ.

ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಇದಕ್ಕೆ ಅತ್ಯಂತ ದಾರುಣ ನಿದರ್ಶನ. ಈಜುಕೊಳದ ಅಂಗಳದಡಿ ಹಾಕಿದ್ದ ಜಲನಿರೋಧಕ ಪದರ ಹಾಳಾಗಿದೆಯೆಂದೂ, ನೀರು ಹರಿದುಹೋಗಲು ಇಳಿಜಾರಿಲ್ಲದೆ ಕೆಳಗಿನ ಕಾಂಕ್ರೀಟ್ ಹಲಗೆ ತೀವ್ರವಾಗಿ ಕೆಟ್ಟಿದೆಯೆಂದೂ 2018ರಲ್ಲಿಯೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಆಗ 90 ಲಕ್ಷ ಡಾಲರ್ ದಾಟಿದ್ದ ಅಂದಾಜು, ಸಭೆಗಳೂ ವಾದಗಳೂ ಮುಗಿದು 2021ರ ಏಪ್ರಿಲ್‌ನಲ್ಲಿ ವಿಶೇಷ ವಂತಿಗೆ ನಿಗದಿಯಾಗುವ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಡಾಲರಿಗೆ ಏರಿತ್ತು. ಜೂನ್ 24ರ ನಸುಕಿನಲ್ಲಿ ಕಟ್ಟಡದ ಒಂದು ದೊಡ್ಡ ಭಾಗ ಕುಸಿದು 98 ಜನ ಪ್ರಾಣ ಕಳೆದುಕೊಂಡರು. ವಿನ್ಯಾಸದ ಕೊರತೆಗಳೂ ಇದ್ದವೆಂದು ಸರ್ಕಾರಿ ತನಿಖೆ ಗುರುತಿಸಿರುವುದರಿಂದ ದುರಂತವನ್ನು ಪೂರ್ತಿಯಾಗಿ ಹಣದ ಕೊರತೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ದೋಷ ತಿಳಿದ ಮೇಲೂ ಕೈಗೆ ಹಣ ಬರಲು ಸುಮಾರು ಮೂರು ವರ್ಷ ಸಾಲದಾಯಿತು ಎಂಬುದು ಮೀಸಲು ನಿಧಿಯ ಪ್ರಶ್ನೆಯೇ ಹೌದು.

ಮೀಸಲಿನ ಪಾಲನ್ನು ಬಹುಮತದಿಂದ ಕೈಬಿಡಲು ಫ್ಲಾರಿಡಾದ ಹಳೆಯ ಕಾನೂನು ಅವಕಾಶ ಕೊಟ್ಟಿತ್ತು. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ ಮತದಾನವನ್ನು ಲೆಕ್ಕಕ್ಕಿಡುವುದಿಲ್ಲವಾದ್ದರಿಂದ, 2022ರ ಕಾಯ್ದೆ ಕಟ್ಟಡದ ರಚನೆಗೆ ಸಂಬಂಧಿಸಿದ ಮೀಸಲಿಗೆ ಆ ಬಾಗಿಲನ್ನು ಮುಚ್ಚಿದ್ದು ಸರಿಯಾದ ಕ್ರಮ. ಮೂರು ಮತ್ತು ಹೆಚ್ಚು ಅಂತಸ್ತಿನ ಕಾಂಡೋಮಿನಿಯಂ ಕಟ್ಟಡಗಳು ಹತ್ತು ವರ್ಷಕ್ಕೊಮ್ಮೆಯಾದರೂ ಚಾವಣಿ, ಭಾರ ಹೊರುವ ರಚನೆ, ಜಲನಿರೋಧಕ, ವಿದ್ಯುತ್ ಮುಂತಾದವುಗಳ ಉಳಿದ ಆಯುಸ್ಸನ್ನೂ ಬದಲಿಸುವ ವೆಚ್ಚವನ್ನೂ ಅಂದಾಜಿಸುವ ಮೀಸಲು ಅಧ್ಯಯನ ಮಾಡಿಸಬೇಕೆಂದು ಅದು ವಿಧಿಸಿತು. ಕ್ಯಾಲಿಫೋರ್ನಿಯಾದ ದಾರಿ ಬೇರೆ: ಅಲ್ಲಿ ವಾರ್ಷಿಕ ಆಯವ್ಯಯದ ಶೇ. 5ನ್ನು ಮೀರುವ ವಿಶೇಷ ವಂತಿಗೆಗೆ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಸದಸ್ಯರ ಒಪ್ಪಿಗೆ ಬೇಕು.

ಹಲವು ದಶಕಗಳ ಬಾಕಿಯನ್ನು ಕೆಲವೇ ವರ್ಷಗಳಲ್ಲಿ ತುಂಬಿಸಹೊರಟಾಗ, ಪಿಂಚಣಿಯನ್ನೇ ನಂಬಿದ ವೃದ್ಧರು ಮನೆ ಮಾರಬೇಕಾದ ಸಂಕಟ ನಿಜವಾದದ್ದು. ಅದನ್ನು ಫ್ಲಾರಿಡಾ ಕಾಯ್ದೆಯ ಅನಿವಾರ್ಯ ಬೆಲೆಯೆಂದು ತಳ್ಳಿಹಾಕುವವರೊಡನೆ ಈ ಅಧ್ಯಕ್ಷಪೀಠಕ್ಕೆ ಸಹಮತವಿಲ್ಲ. ಸಂಘವು ಸಾಲ ಪಡೆದು ಮೀಸಲಿನ ಹೊಣೆ ಪೂರೈಸಲು ಫ್ಲಾರಿಡಾದ 2025ರ ತಿದ್ದುಪಡಿ ಅನುವು ಮಾಡಿಕೊಟ್ಟಿರುವುದು ಸ್ವಾಗತಾರ್ಹ. ವಂತಿಗೆ ವಿಧಿಸುವ ಪ್ರತಿ ಸಂಘವೂ ಎಂಜಿನಿಯರ್ ವರದಿಯನ್ನು ಮೊದಲು ಮಾಲೀಕರ ಕೈಗಿತ್ತು, ಕಂತುಗಳಲ್ಲಿ ಕಟ್ಟುವ ಅವಕಾಶವನ್ನು ಅದೇ ನಿರ್ಣಯದಲ್ಲಿ ಬರೆಯಬೇಕೆಂಬ ಪ್ರಸ್ತಾವವು ಇಂದಿನ ಗೋಷ್ಠಿಗಳ ಮುಂದಿದೆ.